ಪದ ಬೇಕು: ‘ಇಂಟರ್ನಲ್ ಇಲಿಯಾಕ್ ಆರ್ಟರಿ ಲೈಗೇಶನ್’ (ತುರ್ತು)

ಸಯನ್, ಮುಂಬಯಿ:
ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದಾಗ ಕೆಳಹೊಟ್ಟೆಯ ರಕ್ತನಾಳವನ್ನು ದಾರದಿಂದ ಕಟ್ಟುವ ಈ ಶಸ್ತ್ರಕ್ರಿಯೆಯ ಒಪ್ಪಿಗೆ ಪತ್ರ ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಮರಾಠಿ, ಹಿಂದಿ ಪ್ರತಿಗಳು ಸಿದ್ಧವಾಗಿವೆ, ಕನ್ನಡದ್ದೇ ಬಾಕಿ. ಓದುವವರು ಹೆಚ್ಚಾಗಿ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬದವರು. ಅನೇಕರಿಗೆ ಬೇರೆಯವರು ಓದಿ ಹೇಳಬೇಕು. ನಾನು ಹಾಕಿದ್ದು ‘ಆಂತರಿಕ ಶ್ರೋಣಿ ಅಪಧಮನಿ ಬಂಧನ’. ನಡೆಯುತ್ತದೆಯೇ? ‘ಯುರೆಟರ್’, ‘ಎಂಬೊಲೈಸೇಶನ್’ ಇವಕ್ಕೂ ಪದ ಬೇಕು.

ಕೊಥರೂಡ್, ಪುಣೆ:
ನಡೆಯುವುದಿಲ್ಲ. ಬಂಧನ ಪೊಲೀಸರು ಮಾಡುವಂಥದ್ದು. ಅಪಧಮನಿ (ಆರ್ಟರಿ), ಅಭಿಧಮನಿ (ವೇನ್) ಎರಡನ್ನೂ ಗಟ್ಟಿಯಾಗಿ ಓದಿ ನೋಡಿ, ಕೇಳುವವರಿಗೆ ಒಂದೇ. ‘ಒಳ ಕಿಬ್ಬೊಟ್ಟೆ ನೆತ್ತರುನಾಳ ಕಟ್ಟುವುದು’ ಎಂದು ಹಾಕಿ.

ಪಣಜಿ:
‘ನೆತ್ತರುನಾಳ’ ಅರಿಸಮಾಸ. ನಾಳ ಸಂಸ್ಕೃತದ್ದು, ನೆತ್ತರು ಕನ್ನಡದ್ದು. ಧಮನಿಗೆ ಮೂಲ ‘ಧಮ್’, ಅಂದರೆ ಊದು. ಗ್ರೀಕರ ಆರ್ಟೀರಿಯ ಕೂಡ ಮೊದಲು ಗಾಳಿಕೊಳವೆಗೇ ಇದ್ದ ಹೆಸರು. ‘ಅಪ’ ಎಂದರೆ ಹೃದಯದಿಂದ ಆಚೆಗೆ, ‘ಅಭಿ’ ಎಂದರೆ ಹೃದಯದ ಕಡೆಗೆ. ರಕ್ತ ಹರಿಯುವ ದಿಕ್ಕನ್ನೇ ಹೇಳುವ ಇಷ್ಟು ಚೊಕ್ಕ ಜೋಡಿಯನ್ನು ಬಿಡಬಾರದು.

ಮಾಟುಂಗಾ, ಮುಂಬಯಿ:
ಇದು ಜೀವದ ಪ್ರಶ್ನೆ, ಸಮಾಸ ಆಮೇಲೆ ನೋಡೋಣ. ಹೆರಿಗೆ ವಾರ್ಡಿನಲ್ಲಿ ‘ನಾಳ ಕಟ್ಟೋದು’ ಅಂದರೆ ಮಕ್ಕಳಾಗದ ಆಪರೇಶನ್, ಬೇರೆ ಅರ್ಥವೇ ಇಲ್ಲ. ಹಿಂದೆ ನೆತ್ತರು ಸೇರಿಸಿ, ರಕ್ತ ಸೇರಿಸಿ, ಓದಿ ಹೇಳುವವರ ಬಾಯಲ್ಲಿ ಉಳಿಯುವುದು ‘ನಾಳ ಕಟ್ತಾರಂತ’ ಅಷ್ಟೇ. ಚೊಚ್ಚಲ ಬಾಣಂತಿಯ ಮನೆಯವರು ಹಿಂದೆಮುಂದೆ ನೋಡುತ್ತ ನಿಂತರೆ ರಕ್ತ ಕಾಯುವುದಿಲ್ಲ.

ಈ ಶಸ್ತ್ರಕ್ರಿಯೆ ಮಾಡುವುದೇ ಗರ್ಭಕೋಶ ಉಳಿಸಲು. ಎರಡೂ ಬದಿಗೆ ಕಟ್ಟಿದ ಮೇಲೂ ಮುಟ್ಟು ಬರುತ್ತದೆ, ಮತ್ತೆ ಬಸಿರಾಗಿ ಹೆತ್ತವರಿದ್ದಾರೆ. ಸೊಂಟದ ಕಶೇರುಗಳ (ಬೆನ್ನುಮೂಳೆಯ ಮಣಿಗಳ) ಕಡೆಯಿಂದ, ತ್ರಿಕಾಸ್ಥಿಯ (ಬೆನ್ನುಮೂಳೆಯ ಬುಡದ ಮೂಳೆಯ) ಮುಂದಿನಿಂದ, ಗುದನಾಳದ ಮೇಲಿನ ಕವಲಿನಿಂದ ಅಡ್ಡದಾರಿ ಹಿಡಿದು ರಕ್ತ ಬಂದೇ ಬರುತ್ತದೆ. 1960ರ ದಶಕದಲ್ಲಿ ವೈದ್ಯ ಬರ್ಚೆಲ್ ಅಳೆದು ತೋರಿಸಿದಂತೆ, ಎರಡೂ ಬದಿ ಕಟ್ಟಿದಾಗ ನಾಡಿಯೊತ್ತಡ (ರಕ್ತದ ಮೇಲಿನ, ಕೆಳಗಿನ ಒತ್ತಡಗಳ ಅಂತರ) ಶೇ. 85ರಷ್ಟು ಇಳಿಯುತ್ತದೆ, ಹರಿವು ಸುಮಾರು ಅರ್ಧಕ್ಕೆ ಬರುತ್ತದೆ. ಮಿಡಿತದ ರಭಸ ಹೋದ ಮೇಲೆ ರಕ್ತ ಹೆಪ್ಪುಗಟ್ಟಿ ನಿಲ್ಲುತ್ತದೆ. ಆದ್ದರಿಂದ ‘ರಕ್ತ ಬಂದ್ ಮಾಡುವ’ ಎಂದೂ ಬರೆಯಬೇಡಿ, ‘ರಭಸ ತಗ್ಗಿಸುವ’ ಎನ್ನಿ.

‘ಆಂತರಿಕ’ ಎಂಬುದೊಂದೇ ಸಾಲದು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಮಹಾಪಧಮನಿ, ನಾಲ್ಕನೇ ಸೊಂಟದ ಕಶೇರುವಿನ ಎದುರು ಎರಡಾಗುತ್ತದೆ. ಆ ಎರಡರಲ್ಲಿ ಒಂದೊಂದೂ ತ್ರಿಕಾಸ್ಥಿಯ ಕೀಲಿನ ಮುಂದೆ ಮತ್ತೆ ಒಡೆದು, ಹೊರಗಿನದು ಕಾಲಿಗೆ, ಒಳಗಿನದು ಶ್ರೋಣಿಗೆ (ಸೊಂಟದ ಮೂಳೆಗಳ ನಡುವಿನ ಜಾಗಕ್ಕೆ) ಇಳಿಯುತ್ತದೆ. ಒಳಗಿನದು ಸುಮಾರು 4 ಸೆಂ.ಮೀ. ಹೋಗಿ ಮುಂಗವಲು, ಹಿಂಗವಲು ಆಗುತ್ತದೆ. ಗರ್ಭಕೋಶಕ್ಕೆ ಹೋಗುವುದು ಮುಂಗವಲಿನಿಂದ, ಕಟ್ಟುವುದೂ ಅದನ್ನೇ. ಹಿಂಗವಲು ಸೇರಿಕೊಂಡರೆ ಕುಂಡೆಯ ಸ್ನಾಯುವಿಗೆ ರಕ್ತ ಸಾಲದೆ ಹೋಗಬಹುದು. ಲಂಬಕೋನದ ಕ್ಲ್ಯಾಂಪನ್ನು ಹೊರಬದಿಯಿಂದ ಒಳಬದಿಗೆ ತೂರಿಸಬೇಕು, ಏಕೆಂದರೆ ಪಕ್ಕದಲ್ಲೂ ಅಡಿಯಲ್ಲೂ ತೆಳುಗೋಡೆಯ ಅಭಿಧಮನಿಗಳಿವೆ. ಅವು ಹರಿದರೆ ಹೊಲಿಯುವುದು ಬಹಳ ಕಷ್ಟ. ರೇಷ್ಮೆ ದಾರದಿಂದ ಎರಡು ಕಡೆ ಗಂಟು ಹಾಕುತ್ತೇವೆ, ಕತ್ತರಿಸುವುದಿಲ್ಲ. ಬಿಗಿಯುವ ಮೊದಲೂ ಆಮೇಲೂ ತೊಡೆಸಂದಿಯ ಮತ್ತು ಪಾದದ ನಾಡಿ ಮುಟ್ಟಿ ನೋಡಬೇಕು. ತಪ್ಪಿ ಹೊರಗಿನದಕ್ಕೆ ಗಂಟು ಬಿದ್ದರೆ ಕಾಲಿಗೇ ಅಪಾಯ.

ಹಾಗಾಗಿ ‘ಕಟ್ಟು’ ಬಿಟ್ಟು ‘ಗಂಟು ಹಾಕು’ ಎನ್ನಿ. ಈ ಅರ್ಥದಲ್ಲಿ ಅದಿನ್ನೂ ಕೆಟ್ಟಿಲ್ಲ.

ಯುರೆಟರಿಗೆ ‘ಮೂತ್ರನಾಳ’ ಸಾಲದು. ಜನ ಅದನ್ನು ಮೂತ್ರ ಹೊರಬರುವ ದಾರಿ ಎಂದೇ ತಿಳಿಯುತ್ತಾರೆ. ರಕ್ತನಾಳ ಎರಡಾಗುವ ಜಾಗದ ಮೇಲೇ ಅದು ದಾಟಿ ಹೋಗುವುದರಿಂದ ಅದನ್ನು ಗುರುತಿಸಿ ಪಕ್ಕಕ್ಕೆ ಸರಿಸದೆ ಗಂಟು ಹಾಕುವಂತಿಲ್ಲ. ಪೂರ್ತಿ ಬರೆಯಿರಿ: ‘ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳ’.

ಕೊಥರೂಡ್, ಪುಣೆ:
‘ಗಂಟು ಹಾಕು’ ಒಪ್ಪಿದೆ. ಆದರೆ ಕವಲು, ಮುಟ್ಟು, ಬಸಿರು, ಹೆಪ್ಪು ಎಲ್ಲವೂ ನಿಮ್ಮ ಬರಹದಲ್ಲೇ ಬಂದಿವೆ, ಯಾವುದನ್ನೂ ಸಾಲ ತಂದಿಲ್ಲ. ರಕ್ತನಾಳ ಒಂದಕ್ಕೆ ಮಾತ್ರ ಸಂಸ್ಕೃತ ಏಕೆ? ಊರ ಕಡೆ ‘ನರ’ ಅನ್ನುತ್ತಾರಲ್ಲ.

ಮಾಟುಂಗಾ, ಮುಂಬಯಿ:
ಸೂಜಿ ಚುಚ್ಚುವಾಗ ‘ನರ ಸಿಗವಲ್ದು’ ಅನ್ನುವುದು ನಿಜ. ಆದರೆ ‘ನರಕ್ಕೆ ಗಂಟು’ ಎಂದರೆ ಕಾಲು ಸ್ವಾಧೀನ ತಪ್ಪುತ್ತದೆ ಎಂದು ಹೆದರುತ್ತಾರೆ. ಬೇಡ.

ಪಣಜಿ:
ಮರಾಠಿಯಲ್ಲಿ ಅಪಧಮನಿಗೆ ‘ರೋಹಿಣಿ’, ಅಭಿಧಮನಿಗೆ ‘ನೀಲಾ’ ಇವೆ. ಕೇಳಿದರೆ ಗೊಂದಲವಿಲ್ಲ. ನಾವೂ ತರಬಹುದು.

ಕೊಥರೂಡ್, ಪುಣೆ:
ಸಂಸ್ಕೃತದ ಸಾಲ ತೀರಿಸಲು ಮರಾಠಿಯಲ್ಲಿ ಸಾಲ. ಇದೇ ನಮ್ಮ ರೋಗ.

ಪಣಜಿ:
ಆಪರೇಶನ್, ಇಂಜೆಕ್ಷನ್, ಬಿ.ಪಿ. ಬಂದಾಗ ಯಾರೂ ಸಾಲಪತ್ರ ಕೇಳಲಿಲ್ಲ. ಭಾಷೆ ಬಳಸುವವರದು, ಮಡಿ ಕಾಯುವವರದಲ್ಲ.

ಸಯನ್, ಮುಂಬಯಿ:
ದಯವಿಟ್ಟು ಅದನ್ನು ಬೇರೆ ಎಳೆಯಲ್ಲಿ ಚರ್ಚಿಸಿ. ಈಗಿನ ಕರಡು: ‘ಔಷಧದಿಂದ ರಕ್ತಸ್ರಾವ ನಿಲ್ಲದಿದ್ದರೆ, ಗರ್ಭಕೋಶಕ್ಕೆ ರಕ್ತ ಒಯ್ಯುವ ಆರ್ಟರಿಯ ಕವಲಿಗೆ ಎರಡೂ ಬದಿಯಲ್ಲಿ ದಾರದಿಂದ ಗಂಟು ಹಾಕಿ ರಕ್ತದ ರಭಸ ತಗ್ಗಿಸುತ್ತಾರೆ. ಇದು ಮಕ್ಕಳಾಗದಂತೆ ಮಾಡುವ ಆಪರೇಶನ್ ಅಲ್ಲ.’ ಎಂಬೊಲೈಸೇಶನ್ ಇನ್ನೂ ಉಳಿದಿದೆ.

ಮಾಟುಂಗಾ, ಮುಂಬಯಿ:
‘ತೊಡೆಸಂದಿಯಿಂದ ಸಣ್ಣ ಕೊಳವೆ ತೂರಿಸಿ ರಕ್ತನಾಳಕ್ಕೆ ಒಳಗಿನಿಂದ ಬಿರಡೆ ಹಾಕುವುದು.’ ಜೆಲಾಟಿನ್ ಸ್ಪಾಂಜಿನ ಚೂರುಗಳಾದರೆ ಕೆಲವು ವಾರಗಳಲ್ಲಿ ಕರಗುತ್ತವೆ, ‘ತಾತ್ಕಾಲಿಕ’ ಸೇರಿಸಿ. ಪತ್ರದಲ್ಲಿ ಇದು ಗಂಟಿಗಿಂತ ಮೊದಲು ಬರಲಿ: ಗಂಟು ಬಿದ್ದ ಮೇಲೆ ಕೊಳವೆ ಆ ದಾರಿಯಲ್ಲಿ ಹೋಗುವುದು ಕಷ್ಟ. ‘ಇವೆರಡರಿಂದಲೂ ನಿಲ್ಲದಿದ್ದರೆ ಜೀವ ಉಳಿಸಲು ಗರ್ಭಕೋಶ ತೆಗೆಯಬೇಕಾಗಬಹುದು’ ಎಂಬುದು ಬೇರೆ ಸಾಲಾಗಲಿ, ಅದಕ್ಕೆ ಬೇರೆ ಸಹಿ ಇರಲಿ. ‘ಗಂಡ/ಅತ್ತೆ’ ಎಂದು ಮೊದಲ ಖಾನೆ ಇಡಬೇಡಿ. ಬಾಣಂತಿಗೆ ಎಚ್ಚರವಿದ್ದರೆ ಸಹಿ ಅವಳದೇ.