ಮಿಂಟ್ ಹಾಕಿದ ಮೇಲೆ ಗಡಿಯಾರ ಐದೂವರೆ ಗಂಟೆ ಹಿಂದೆ, ವೈಫೈ ಇಲ್ಲ, ನುಡಿ ಫೈಲು ಓದಲಾಗುತ್ತಿಲ್ಲ

ಹೈಸ್ಕೂಲ್_ಮೇಡಂ

ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪ್ ಹಳೆಯದು, ವಿಂಡೋಸ್ 11 ಅದಕ್ಕೆ ಬರುವುದಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಿಂದ ಬೆಂಬಲ ನಿಂತಿದ್ದರಿಂದ ಅದರ ಪಕ್ಕದಲ್ಲೇ ಲಿನಕ್ಸ್ ಮಿಂಟ್ 22 ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ (ಓಎಸ್) ಹಾಕಿಕೊಂಡೆ. ವಿಂಡೋಸ್ ಇನ್ನೂ ತೆಗೆದಿಲ್ಲ. ಪ್ರಶ್ನೆಪತ್ರಿಕೆ, ಪಾಠಯೋಜನೆ ಎಲ್ಲವೂ ಡಿ ಡ್ರೈವ್‌ನಲ್ಲಿವೆ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು.

ತೊಂದರೆಗಳು ಹೀಗಿವೆ. ಮಿಂಟ್‌ನಿಂದ ವಿಂಡೋಸ್‌ಗೆ ಹೋದಾಗ ಸಮಯ ತಪ್ಪಿರುತ್ತದೆ. ರಾತ್ರಿ ಎಂಟಕ್ಕೆ ಸೇವ್ ಮಾಡಿದ ಫೈಲು ಮಧ್ಯಾಹ್ನ ಎರಡೂವರೆಯದು ಎಂದು ತೋರಿಸುತ್ತದೆ. ಮಿಂಟ್‌ನಲ್ಲಿ ವೈಫೈ ಹೆಸರುಗಳೇ ಕಾಣುವುದಿಲ್ಲ, ಸದ್ಯಕ್ಕೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಹಾಕಿ ಇಂಟರ್‌ನೆಟ್ ತೆಗೆದುಕೊಳ್ಳುತ್ತಿದ್ದೇನೆ. ಡ್ರೈವರ್ ಮ್ಯಾನೇಜರ್‌ನಲ್ಲಿ ವೈಫೈ ಚಿಪ್‌ಗೆ ಬೇಕಾದ ಬ್ರಾಡ್‌ಕಾಮ್ ಡ್ರೈವರ್ ಆಯ್ಕೆ ಮಾಡಿದೆ, ಪಾಸ್‌ವರ್ಡ್ ಕೇಳಿತು, ಕೊಟ್ಟೆ. ರೀಸ್ಟಾರ್ಟ್ ಆದಾಗ ಒಂದು ನೀಲಿ ಪರದೆ ಬಂದು ತಾನೇ ಹೋಯಿತು. ಡಿ ಡ್ರೈವ್ ತೆರೆಯುತ್ತದೆ, ಆದರೆ ಅದರಲ್ಲಿ ಏನೂ ಸೇವ್ ಆಗುವುದಿಲ್ಲ. ಹಳೆಯ ಫೈಲುಗಳಲ್ಲಿ ಕನ್ನಡದ ಬದಲು ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಮಿಂಟ್‌ನಲ್ಲಿ ನುಡಿ ಕೀಲಿಮಣೆಯಲ್ಲೇ ಟೈಪ್ ಮಾಡುವ ದಾರಿ ಇದೆಯೇ? ಒಂದೊಂದಕ್ಕೂ ಬೇರೆ ಕಾರಣವೋ, ಎಲ್ಲದಕ್ಕೂ ಒಂದೇ ಕಾರಣವೋ ತಿಳಿಯುತ್ತಿಲ್ಲ.

ಮಂಡ್ಯ_ಹುಡುಗ

ಮೇಡಂ, ಗಡಿಯಾರ ತಪ್ಪುತ್ತಿದ್ದರೆ ಮದರ್‌ಬೋರ್ಡ್‌ನ ಗಡಿಯಾರ ನಡೆಸುವ ಸಿಮಾಸ್ ಬ್ಯಾಟರಿ ಹೋಗಿರುತ್ತದೆ. ಸಾಮಾನ್ಯವಾಗಿ ಸಿಆರ್ 2032 ನಾಣ್ಯದಾಕಾರದ ಬ್ಯಾಟರಿ ಇರುತ್ತದೆ, ಹೆಚ್ಚು ದುಡ್ಡಿಲ್ಲ, ಒಮ್ಮೆ ಬದಲಾಯಿಸಿ ನೋಡಿ.

ಧಾರವಾಡ_ಪೆಂಗ್ವಿನ್

ಬ್ಯಾಟರಿಗೆ ಸದ್ಯ ಕೈ ಹಾಕಬೇಡಿ ಮೇಡಂ. ಬ್ಯಾಟರಿ ಸತ್ತರೆ ತಾರೀಖೇ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ, ಇಲ್ಲವೇ ದಿನದಿನಕ್ಕೂ ಬೇರೆ ಬೇರೆ ಲೆಕ್ಕದಲ್ಲಿ ತಪ್ಪುತ್ತದೆ. ನಿಮ್ಮದು ಎಂಟು ಗಂಟೆ ಇದ್ದದ್ದು ಎರಡೂವರೆ ಆಗಿದೆ, ಸರಿಯಾಗಿ ಐದೂವರೆ ಗಂಟೆ. ಅದು ನಮ್ಮ ಭಾರತೀಯ ಕಾಲಮಾನಕ್ಕೂ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯಕ್ಕೂ ಇರುವ ಅಂತರ. ಇಷ್ಟು ನಿಖರವಾಗಿ ತಪ್ಪುವುದು ಬ್ಯಾಟರಿಯಿಂದ ಆಗುವ ಮಾತಲ್ಲ.

ಆಗುತ್ತಿರುವುದು ಇಷ್ಟು. ಮದರ್‌ಬೋರ್ಡ್‌ನ ಗಡಿಯಾರದಲ್ಲಿ ಇರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ನಂಬುತ್ತದೆ. ಲಿನಕ್ಸ್ ಅದೇ ಗಡಿಯಾರದಲ್ಲಿ ಯುಟಿಸಿ ಇಡುತ್ತದೆ, ಪರದೆಗೆ ತರುವಾಗ ಐದೂವರೆ ಗಂಟೆ ಕೂಡಿಸಿಕೊಳ್ಳುತ್ತದೆ. ನೀವು ಮೊಬೈಲ್ ಹಾಕಿದ ಕೂಡಲೇ ಮಿಂಟ್ ಇಂಟರ್‌ನೆಟ್‌ನಿಂದ ಸಮಯ ತೆಗೆದುಕೊಂಡು ಯುಟಿಸಿಯನ್ನು ಬೋರ್ಡ್‌ಗೆ ಬರೆಯಿತು, ವಿಂಡೋಸ್ ಅದನ್ನೇ ಇಲ್ಲಿನ ಸಮಯ ಅಂದುಕೊಂಡು ಓದಿತು. ಮಿಂಟ್‌ನಲ್ಲಿ ತೆರೆದ ತಕ್ಷಣ ಸಮಯ ಮುಂದಿದ್ದು, ಇಂಟರ್‌ನೆಟ್ ಬಂದ ಮೇಲೆ ತಾನೇ ಸರಿಹೋಗುವುದನ್ನೂ ನೀವು ನೋಡಿರಬೇಕು.

ಇದಕ್ಕೆ ಒಂದು ಕಮಾಂಡ್ ಸಾಕು. ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆಯುತ್ತೇನೆ, ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿ) ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ, ಅಡ್ಡಗೆರೆಗಳನ್ನು ಬಿಡದೆ ಟೈಪ್ ಮಾಡಿ:

ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1

ಇನ್ನು ಮೇಲೆ ಮಿಂಟ್ ಕೂಡ ಸ್ಥಳೀಯ ಸಮಯವನ್ನೇ ಬೋರ್ಡ್‌ನಲ್ಲಿ ಇಡುತ್ತದೆ. ಆಮೇಲೆ ಟೈಮ್‌ಡೇಟ್‌ಸಿಟಿಎಲ್ ಎಂದಷ್ಟೇ ಕೊಟ್ಟು ನೋಡಿದರೆ ಒಂದು ಎಚ್ಚರಿಕೆ ತೋರಿಸುತ್ತದೆ, ಹೆದರಬೇಡಿ. ಬೇಸಿಗೆ ಬಂತೆಂದು ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸುವ ದೇಶಗಳಿಗೆ ಅದು ಮುಖ್ಯ. ನಮ್ಮಲ್ಲಿ ಆ ಪದ್ಧತಿ ಇಲ್ಲ, ಹಾಗಾಗಿ ಎರಡು ಓಎಸ್ ಇಟ್ಟುಕೊಂಡವರಿಗೆ ಇದೇ ಸುಲಭದ ದಾರಿ ಎಂಬುದು ನನ್ನ ಅಭಿಪ್ರಾಯ. ವಿಂಡೋಸ್‌ನ ರಿಜಿಸ್ಟ್ರಿ (ಒಳಗಿನ ಸೆಟ್ಟಿಂಗ್‌ಗಳ ಸಂಗ್ರಹ) ತಿದ್ದಿ ಅದಕ್ಕೇ ಯುಟಿಸಿ ಕಲಿಸುವ ದಾರಿಯೂ ಇದೆ, ಆದರೆ ಮಕ್ಕಳ ಪ್ರಶ್ನೆಪತ್ರಿಕೆ ಇರುವ ಯಂತ್ರದಲ್ಲಿ ರಿಜಿಸ್ಟ್ರಿಗೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಡಿ ಡ್ರೈವ್‌ನ ಕಾರಣವೂ ವಿಂಡೋಸ್ ಕಡೆಯೇ ಇದೆ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ಹೈಬರ್ನೇಟ್ ಆಗಿರುತ್ತದೆ, ಅಂದರೆ ತನ್ನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿ ಮಲಗಿರುತ್ತದೆ. ಆ ಸ್ಥಿತಿಯ ಡ್ರೈವ್‌ಗೆ ಬರೆದರೆ ಡೇಟಾ ಕೆಡಬಹುದು ಎಂದೇ ಲಿನಕ್ಸ್ ಓದಲಷ್ಟೇ ಬಿಡುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್ ಏನು ಮಾಡಬೇಕು ಎಂಬ ಪುಟ ತೆರೆದು ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆಯಿರಿ, ಆಮೇಲೆ ಒಮ್ಮೆ ಶಟ್‌ಡೌನ್ ಮಾಡಿ. ಆ ಟಿಕ್ ಮಸುಕಾಗಿ ಕಂಡರೆ ಅದೇ ಪುಟದ ಮೇಲ್ಭಾಗದಲ್ಲಿರುವ ಲಿಂಕ್ ಒತ್ತಬೇಕು. ಹೈಬರ್ನೇಟ್ ಫೈಲನ್ನು ಲಿನಕ್ಸ್‌ನಿಂದ ಬಲವಂತವಾಗಿ ಅಳಿಸುವ ಕಮಾಂಡ್ ಯಾರಾದರೂ ಹೇಳಿದರೆ ದಯವಿಟ್ಟು ಮಾಡಬೇಡಿ.

ಇನ್ನು ವೈಫೈ. ನೀವು ಬರೆದದ್ದರಲ್ಲಿ ನನಗೆ ಸುಳಿವು ಸಿಕ್ಕಿದ್ದು ಆ ನೀಲಿ ಪರದೆ. ನಿಮ್ಮಲ್ಲಿ ಸೆಕ್ಯೂರ್ ಬೂಟ್, ಅಂದರೆ ಸಹಿ ಇಲ್ಲದ ಸಾಫ್ಟ್‌ವೇರ್ ತಡೆಯುವ ಕಾವಲು, ಆನ್ ಇದೆ. ಹಾಗಿದ್ದಾಗ ಹೊರಗಿನಿಂದ ಸೇರಿಸಿದ ಡ್ರೈವರ್‌ಗೆ ಸಹಿ ಬೇಕು, ಆ ಸಹಿಯ ಕೀಯನ್ನು ನೀವೇ ಒಪ್ಪಿದ್ದೀರಿ ಎಂದು ಯಂತ್ರಕ್ಕೆ ತಿಳಿಸುವ ಜಾಗ ಆ ಪರದೆ. ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀಲಿ ಒತ್ತದಿದ್ದರೆ ಅದು ಹೋಗಿಬಿಡುತ್ತದೆ, ಡ್ರೈವರ್ ಡಿಸ್ಕ್‌ನಲ್ಲಿ ಇದ್ದೂ ಲೋಡ್ ಆಗುವುದಿಲ್ಲ. ಖಾತ್ರಿ ಮಾಡಿಕೊಳ್ಳಲು, ಡ್ರೈವರನ್ನು ಲೋಡ್ ಮಾಡಿಸುವ ಈ ಕಮಾಂಡ್ ಕೊಡಿ:

ಸುಡೊ ಮಾಡ್‌ಪ್ರೋಬ್ ಡಬ್ಲ್ಯೂಎಲ್

ಬರುವ ಉತ್ತರವನ್ನು ಇಲ್ಲಿ ಹಾಕಿ.

ಹೈಸ್ಕೂಲ್_ಮೇಡಂ

ಧನ್ಯವಾದ ಸರ್. ಗಡಿಯಾರ ಎರಡೂ ಕಡೆ ಸರಿಯಾಯಿತು, ಡಿ ಡ್ರೈವ್‌ನಲ್ಲಿ ಸೇವ್ ಕೂಡ ಆಗುತ್ತಿದೆ. ಆ ಕಮಾಂಡ್‌ಗೆ "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್" ಎಂದು ಬಂತು. ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗಿನ ಸೆಟ್ಟಿಂಗ್) ಸೆಕ್ಯೂರ್ ಬೂಟ್ ಆಫ್ ಮಾಡಿಬಿಡಿ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಮಾಡಲೇ?

ಧಾರವಾಡ_ಪೆಂಗ್ವಿನ್

ಊಹಿಸಿದ್ದೇ ಆಯಿತು, ಸಹಿಯ ಕೀಯನ್ನು ಯಂತ್ರ ಇನ್ನೂ ಒಪ್ಪಿಲ್ಲ. ಆಫ್ ಮಾಡಿದರೂ ವೈಫೈ ಬರುತ್ತದೆ, ಆದರೆ ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಮುಂದಿನ ಸಲ ತೆರೆಯುವಾಗ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಕೈಯಲ್ಲಿಲ್ಲದಿದ್ದರೆ ಫೈಲುಗಳೇ ಸಿಗುವುದಿಲ್ಲ. ಕೀ ಒಪ್ಪಿಸುವುದೇ ಒಳ್ಳೆಯದು:

ಸುಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ಎನ್‌ರೋಲ್-ಕೀ

ಹೊಸ ಪಾಸ್‌ವರ್ಡ್ ಕೇಳುತ್ತದೆ. ಇದು ನಿಮ್ಮ ಲಾಗಿನ್ ಪಾಸ್‌ವರ್ಡ್ ಆಗಿರಬೇಕಿಲ್ಲ, ಒಮ್ಮೆ ಬಳಸಿದರೆ ಮುಗಿಯಿತು. ಎಂಟಕ್ಕೆ ಕಡಿಮೆ ಇಲ್ಲದಂತೆ ಬರೀ ಇಂಗ್ಲಿಷ್ ಅಕ್ಷರಗಳನ್ನು ಕೊಟ್ಟು, ಚೀಟಿಯಲ್ಲಿ ಬರೆದಿಡಿ. ರೀಸ್ಟಾರ್ಟ್ ಮಾಡಿ ಪರದೆಯ ಮುಂದೆಯೇ ಕೂತಿರಿ. ನೀಲಿ ಪರದೆ ಬಂದ ತಕ್ಷಣ ಒಂದು ಕೀಲಿ ಒತ್ತಿ. "ಎನ್‌ರೋಲ್ ಎಂಒಕೆ", "ಕಂಟಿನ್ಯೂ", "ಎಸ್", ಆಮೇಲೆ ಆ ಪಾಸ್‌ವರ್ಡ್, ಕೊನೆಗೆ "ರೀಬೂಟ್". ಪಾಸ್‌ವರ್ಡ್ ಟೈಪ್ ಮಾಡುವಾಗ ಅಲ್ಲಿ ಚುಕ್ಕೆ, ನಕ್ಷತ್ರ ಏನೂ ಮೂಡದಿದ್ದರೂ ಅಕ್ಷರಗಳು ಒಳಗೆ ಹೋಗುತ್ತಿರುತ್ತವೆ.

ಟೈಪಿಂಗ್ ವಿಚಾರ: ನುಡಿಯಲ್ಲಿ ನೀವು ಬಳಸುವುದು ಕಗಪ (ಇಂಗ್ಲಿಷ್‌ನಲ್ಲಿ ಕೆಜಿಪಿ) ಎಂಬ ಕೀಲಿಮಣೆ ವಿನ್ಯಾಸ. ಅದು ಲಿನಕ್ಸ್‌ನಲ್ಲೂ ಇದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಲು ಬೇಕಾದ ಐಬಸ್ ಮತ್ತು ಐಬಸ್-ಎಂ17ಎನ್ ಹಾಕಿ, "ಇನ್‌ಪುಟ್ ಮೆಥಡ್" ಎಂಬಲ್ಲಿ ಐಬಸ್ ಆರಿಸಿ, ಲಾಗ್ಔಟ್ ಆಗಿ ಮತ್ತೆ ಬನ್ನಿ. ಲಾಗ್ಔಟ್ ಬಿಟ್ಟರೆ ಕೆಲವು ಕಡೆ ಕನ್ನಡ ಬರುತ್ತದೆ, ಕೆಲವು ಕಡೆ ಬರುವುದಿಲ್ಲ. ಬಳಿಕ ಐಬಸ್ ಪ್ರಿಫರೆನ್ಸ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಸೇರಿಸಿ. ಸೂಪರ್ ಕೀ (ವಿಂಡೋಸ್ ಚಿಹ್ನೆಯ ಕೀಲಿ) ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಅರ್ಧಾಕ್ಷರಕ್ಕೆ ನಿಮಗೆ ರೂಢಿಯಿರುವ ಎಫ್ ಕೀಲಿಯೇ.

ಹೈಸ್ಕೂಲ್_ಮೇಡಂ

ವೈಫೈ ಬಂತು ಸರ್! ಮೊಬೈಲ್ ಕೇಬಲ್ ತೆಗೆದಿಟ್ಟೆ. ಕಗಪದಲ್ಲಿ ಟೈಪ್ ಆಗುತ್ತಿದೆ, ಬೆರಳಿಗೆ ಹೊಸದೇನೂ ಕಲಿಸಬೇಕಾಗಲಿಲ್ಲ. ಉಳಿದದ್ದು ಹಳೆಯ ಫೈಲುಗಳು ಮಾತ್ರ.

ಧಾರವಾಡ_ಪೆಂಗ್ವಿನ್

ಆ ಫೈಲುಗಳ ಒಳಗೆ ಇರುವುದು ಯುನಿಕೋಡ್ ಕನ್ನಡ ಅಲ್ಲ (ಯುನಿಕೋಡ್ ಎಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ). ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟ್ ಅದು. ಫಾಂಟ್ ಇಲ್ಲದ ಯಂತ್ರದಲ್ಲಿ ಕೆಳಗಿರುವ ಇಂಗ್ಲಿಷ್ ಸಂಕೇತ ಹಾಗೇ ಕಾಣುತ್ತದೆ. ತುರ್ತಿಗೆ ಓದಲು, ಮುದ್ರಿಸಲು ಬೇಕಿದ್ದರೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಫಾಂಟ್ ಫೈಲುಗಳನ್ನು ನಕಲು ಮಾಡಿ ಮಿಂಟ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಕೊಡಿ, ಲಿಬ್ರೆಆಫೀಸ್ ಮುಚ್ಚಿ ತೆರೆಯಿರಿ.

ಆದರೆ ಅಲ್ಲಿಗೇ ನಿಲ್ಲಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಆ ಫೈಲುಗಳಲ್ಲಿ "ಕುವೆಂಪು" ಎಂದು ಯುನಿಕೋಡ್‌ನಲ್ಲಿ ಹುಡುಕಿದರೆ ಸಿಗದು, ಮೊಬೈಲ್‌ಗೆ ಕಳಿಸಿದರೆ ಮಕ್ಕಳಿಗೆ ಓದಲಾಗದು. ವರ್ಷಗಟ್ಟಲೆ ಮಾಡಿದ ಪ್ರಶ್ನೆಪತ್ರಿಕೆಗಳು ಒಂದು ಫಾಂಟ್‌ಗೆ ಕಟ್ಟುಬಿದ್ದಿರಬಾರದು. ಈ ಹಳೆಯ ಬಗೆಯ ಸಂಕೇತದಿಂದ (ಆಸ್ಕಿ ಎನ್ನುತ್ತಾರೆ) ಯುನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳಿವೆ, ಪ್ರತಿ ಫೈಲಿನ ಮೂಲ ಪ್ರತಿ ಇಟ್ಟುಕೊಂಡೇ ಪರಿವರ್ತಿಸಿ.

ಹೈಸ್ಕೂಲ್_ಮೇಡಂ

ಒಂದು ಪ್ರಶ್ನೆಪತ್ರಿಕೆ ಪರಿವರ್ತಿಸಿದೆ. ಕನ್ನಡ ಚೆನ್ನಾಗಿ ಬಂತು. ಆದರೆ ಇಂಗ್ಲಿಷ್‌ನಲ್ಲಿದ್ದ ಎಸ್‌ಎಸ್‌ಎಲ್‌ಸಿ ಎಂಬುದು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿದೆ.

ಧಾರವಾಡ_ಪೆಂಗ್ವಿನ್

ಆಗಲೇಬೇಕು ಮೇಡಂ. ನಿಜವಾದ ಇಂಗ್ಲಿಷ್ ಯಾವುದು, ನುಡಿಯ ಸಂಕೇತ ಯಾವುದು ಎಂದು ಬರಿಯ ಪಠ್ಯ ನೋಡಿ ಹೇಳಲು ಪರಿವರ್ತಕಕ್ಕೆ ಬರುವುದಿಲ್ಲ, ಎರಡೂ ಅವೇ ಅಕ್ಷರಗಳು. ಇಡೀ ಪುಟ ಒಮ್ಮೆಗೇ ಕೊಡದೆ ಕನ್ನಡದ ಸಾಲುಗಳನ್ನಷ್ಟೇ ಆರಿಸಿ ಕೊಡಿ. ಇಂಗ್ಲಿಷ್ ಪದಗಳು, ಗಣಿತದ ಸೂತ್ರಗಳನ್ನು ಮೂಲದಿಂದ ಹಾಗೇ ತನ್ನಿ. ಪರಿವರ್ತನೆ ಆದ ಮೇಲೆ "ವರ್ಷ", "ಕಾರ್ಯ", "ಅರ್ಥ" ಇಂಥ ಪದಗಳನ್ನು ಒಮ್ಮೆ ಕಣ್ಣಾಡಿಸಿ. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಇಡುತ್ತಿದ್ದರು, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ತಪ್ಪು ಉಳಿದರೆ ಹೆಚ್ಚಾಗಿ ಅಲ್ಲೇ ಉಳಿಯುತ್ತದೆ.