ಚೌಕಾಬಾರದ ಕವಡೆ ಪ್ರೋಗ್ರಾಂ: ನಾಲ್ಕು, ಎಂಟು ಇಷ್ಟು ಬೇಗ ಬೀಳುವುದೇಕೆ?

ಪ್ರಶ್ನೆ

ಪೈಥಾನ್ ಕಲಿಯಲು ಆರಂಭಿಸಿ ಎರಡು ತಿಂಗಳಾಗಿದೆ. ಚೌಕಾಬಾರದಲ್ಲಿ ನಾಲ್ಕು ಅಥವಾ ಎಂಟು ಬೀಳಲು ಸರಾಸರಿ ಎಷ್ಟು ಬಾರಿ ಗರ ಹಾಕಬೇಕೆಂದು ತಿಳಿಯಲು ಒಂದು ಪ್ರೋಗ್ರಾಂ ಬರೆದಿದ್ದೇನೆ. 1, 2, 3, 4, 8 ಎಂಬ ಪಟ್ಟಿಯಿಂದ ರ‍್ಯಾಂಡಮ್ ಮಾಡ್ಯೂಲಿನ ಚಾಯ್ಸ್ ಬಳಸಿ ಮನಬಂದಂತೆ ಒಂದನ್ನು ಆರಿಸುತ್ತೇನೆ. ಉತ್ತರ ಸುಮಾರು 2.5 ಎಂದು ಬರುತ್ತಿದೆ. ಮನೆಯಲ್ಲಿ ಆಡುವಾಗಲಾದರೆ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಕಾಯುತ್ತೇವೆ. ಎ, ಬಿ, ಎಕ್ಸ್ ಎಂಬ ಹೆಸರುಗಳೇ ತುಂಬಿರುವ ಅರವತ್ತು ಸಾಲಿನ ಒಂದೇ ಲೂಪಿನಲ್ಲಿ ತಪ್ಪು ಎಲ್ಲಿದೆಯೆಂದು ನನಗೇ ಕಾಣುತ್ತಿಲ್ಲ.

ಉತ್ತರ

ತಪ್ಪು ಇರುವುದು ಆ ಪಟ್ಟಿಯಲ್ಲಿ. ಚಾಯ್ಸ್ ಐದು ಗರಗಳಿಗೂ ಸಮಾನ ಅವಕಾಶ ಕೊಡುತ್ತದೆ; ಕವಡೆಗಳು ಹಾಗೆ ಬೀಳುವುದಿಲ್ಲ. ನಾಲ್ಕು ಕವಡೆಗಳಲ್ಲಿ ಪ್ರತಿಯೊಂದೂ ಅಂಗಾತವಾಗಿ ಅಥವಾ ಬೋರಲಾಗಿ ಬೀಳುವುದರಿಂದ ಒಟ್ಟು 16 ಬಗೆಗಳಿವೆ. ಅವುಗಳಲ್ಲಿ ಎರಡರ ಗರ 6 ಬಗೆಗಳಲ್ಲಿ, ಒಂದು ಮತ್ತು ಮೂರು ತಲಾ 4 ಬಗೆಗಳಲ್ಲಿ ಬೀಳುತ್ತವೆ. ಎಲ್ಲವೂ ಅಂಗಾತವಾದ ನಾಲ್ಕಕ್ಕೂ ಎಲ್ಲವೂ ಬೋರಲಾದ ಎಂಟಕ್ಕೂ ಒಂದೊಂದೇ ಬಗೆ. ಆದ್ದರಿಂದ ಕವಡೆ ಅಂಗಾತ, ಬೋರಲು ಎರಡೂ ಸಮಾನವಾಗಿ ಬೀಳುತ್ತದೆ ಎಂದುಕೊಂಡರೆ ನಾಲ್ಕು ಅಥವಾ ಎಂಟು ಬೀಳುವ ಸಾಧ್ಯತೆ 16ರಲ್ಲಿ 2, ಸರಾಸರಿ ಕಾಯುವಿಕೆ 8 ಎಸೆತ.

ಪಟ್ಟಿಯ ಪ್ರತಿ ಗರಕ್ಕೂ ಅದರ ಸಾಧ್ಯತೆಗೆ ತಕ್ಕ ತೂಕ ಕೊಟ್ಟು ಸರಿಪಡಿಸಬಹುದಾದರೂ ನಾನು ಹಾಗೆ ಮಾಡುವುದಿಲ್ಲ. ಆಟದಲ್ಲಿ ನಡೆಯುವುದನ್ನೇ ಕೋಡಿನಲ್ಲೂ ಬರೆಯಿರಿ. ‘ಗರ_ಹಾಕು’ ಎಂಬ ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡಿನ ತುಣುಕು) ನಾಲ್ಕು ಬಾರಿ ಕವಡೆ ಬೀಳಿಸಿ, ಅಂಗಾತ ಬಿದ್ದವನ್ನು ಎಣಿಸಿ, ಎಣಿಕೆ ಸೊನ್ನೆಯಾದರೆ 8ನ್ನೂ ಇಲ್ಲವಾದರೆ ಆ ಎಣಿಕೆಯನ್ನೂ ಮರಳಿಸಲಿ. ‘ಎಷ್ಟು_ಎಸೆತ’ ಎಂಬ ಇನ್ನೊಂದು ಫಂಕ್ಷನ್ 4 ಅಥವಾ 8 ಬೀಳುವವರೆಗೆ ಮೊದಲನೆಯದನ್ನು ಕರೆಯಲಿ. ಇದನ್ನು 10,000 ಬಾರಿ ನಡೆಸಿ ಸರಾಸರಿ ತೆಗೆಯುವ ಭಾಗ ಬೇರೆಯೇ ಇರಲಿ. ಹೀಗೆ ಬರೆದಾಗ ಆಟ ಬಲ್ಲವರು ಯಾರೇ ಓದಿದರೂ ತಪ್ಪನ್ನು ಹಿಡಿಯಬಲ್ಲರು. ಒಂದು ಕವಡೆ ಅಂಗಾತ ಬೀಳುವ ಸಾಧ್ಯತೆಯಾದ 0.5 ಎಂಬ ಸಂಖ್ಯೆಯನ್ನೂ ಸಾಲುಗಳ ನಡುವೆ ಹುದುಗಿಸದೆ ‘ಅಂಗಾತ_ಸಾಧ್ಯತೆ’ ಎಂಬ ಹೆಸರಿನಲ್ಲಿ ಮೇಲ್ಭಾಗದಲ್ಲಿಡಿ. ಪೈಥಾನ್ 3 ಇಂತಹ ಕನ್ನಡ ಹೆಸರುಗಳನ್ನು ಒಪ್ಪುತ್ತದೆ.

ಮರುಪ್ರಶ್ನೆ

ತಿಳಿಯಿತು, ಧನ್ಯವಾದಗಳು. ಆದರೆ ‘ರೌಂಡ್‌ಸಂಖ್ಯೆ’ ಎಂಬ ಹೆಸರಿಟ್ಟ ಸಾಲಿನಲ್ಲಿ ಕಾಣಿಸದ ಅಕ್ಷರವೊಂದಿದೆ ಎಂದು ಸಿಂಟ್ಯಾಕ್ಸ್ ಎರರ್ ಬರುತ್ತಿದೆ. ಅಲ್ಲಿ ನನಗೆ ಯಾವ ದೋಷವೂ ಕಾಣುತ್ತಿಲ್ಲ.

ಉತ್ತರ

ಅದು ನಿಜವಾಗಿಯೂ ಕಣ್ಣಿಗೆ ಕಾಣದು. ‘ಡ್’ ಮತ್ತು ‘ಸ’ ಸೇರಿ ಒತ್ತಕ್ಷರವಾಗದಂತೆ ಕೀಬೋರ್ಡ್ ಅವುಗಳ ನಡುವೆ ಅಗಲವಿಲ್ಲದ ಒಂದು ಚಿಹ್ನೆಯನ್ನು ಇಡುತ್ತದೆ. ಬರಹಕ್ಕೆ ಅದು ಬೇಕು, ಪೈಥಾನ್ ಹೆಸರಿನೊಳಗೆ ಮಾತ್ರ ಸಲ್ಲದು. ಇಡೀ ಹೆಸರನ್ನು ಅಳಿಸಿ, ನಡುವೆ ಅಂಡರ್‌ಸ್ಕೋರ್ ಹಾಕಿ ‘ಸುತ್ತು_ಸಂಖ್ಯೆ’ ಎಂದು ಹೊಸದಾಗಿ ಟೈಪ್ ಮಾಡಿ.

ಕೇಳಿದವರಿಂದ

ಸರಿಹೋಯಿತು, ಸರಾಸರಿ ಈಗ 8ರ ಆಸುಪಾಸಿನಲ್ಲಿದೆ. ಬಳಿಕ ನಮ್ಮ ಮನೆಯ ನಾಲ್ಕು ಕವಡೆಗಳನ್ನು 50 ಬಾರಿ ಹಾಕಿ ನೋಡಿದೆ. ಒಟ್ಟು 200ರಲ್ಲಿ 84 ಮಾತ್ರ ಅಂಗಾತ ಬಿದ್ದವು. ‘ಅಂಗಾತ_ಸಾಧ್ಯತೆ’ಯ ಆ ಒಂದೇ ಸಂಖ್ಯೆಯನ್ನು 0.42 ಎಂದು ಬದಲಿಸಿದಾಗ ಸರಾಸರಿ ಸುಮಾರು 6.9ಕ್ಕೆ ಇಳಿಯಿತು, ಮತ್ತು ಎಂಟು ನಾಲ್ಕಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಸಲ ಬಿತ್ತು. ನಮ್ಮಜ್ಜಿ ಸದಾ ಎಂಟನ್ನೇ ನಂಬಿ ಕಾಯಿ ನಡೆಸುತ್ತಿದ್ದುದು ಈ ಕವಡೆಗಳಲ್ಲೇ.