ಟರ್ನರ್‌ನ ಅಸಲಿ ಜಲವರ್ಣ ನೋಡೋಕೆ ಜನವರಿಗೇ ಬರಬೇಕಾ?

ಶಿರಸಿ_ಟು_ಡಬ್ಲಿನ್:

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಜೂನ್‌ನಲ್ಲಿ ಡಬ್ಲಿನ್‌ಗೆ ಬರುತ್ತಿದ್ದಾರೆ. ಅಪ್ಪ ನಮ್ಮೂರ ಕಡೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು. ಅಮ್ಮನ ಪಟ್ಟಿಯಲ್ಲಿ ಸಮುದ್ರ, ಕೋಟೆ, ಅಂಗಡಿ ಎಲ್ಲ ಇದೆ. ಅಪ್ಪನದು ಒಂದೇ ಬೇಡಿಕೆ: ಇಂಗ್ಲೆಂಡಿನ ಹಳೆಯ ಚಿತ್ರಕಾರ ಟರ್ನರ್ ಕೈಯಾರೆ ಬರೆದ ಜಲವರ್ಣ ಒಂದನ್ನಾದರೂ ನೋಡಬೇಕು. ಪುಸ್ತಕದಲ್ಲಿ ಅಚ್ಚಾದ ಚಿತ್ರ ತೋರಿಸಿಯೇ ಮಕ್ಕಳಿಗೆ ಆಕಾಶಕ್ಕೆ ವಾಶ್ (ನೀರು ಬೆರೆಸಿದ ತೆಳು ಬಣ್ಣ) ಹಾಕುವುದನ್ನು ಕಲಿಸಿದವರು ಅವರು.

ಇಲ್ಲಿನ ನ್ಯಾಷನಲ್ ಗ್ಯಾಲರಿ ಆಫ್ ಐರ್ಲೆಂಡ್‌ನಲ್ಲಿ ಟರ್ನರ್ ಚಿತ್ರಗಳ ದೊಡ್ಡ ಗಂಟೇ ಇದೆಯಂತೆ. ಆದರೆ ಜನವರಿಯಲ್ಲಿ ಮಾತ್ರ ಗೋಡೆಗೆ ಹಾಕುತ್ತಾರಂತೆ! ಹನ್ನೊಂದು ತಿಂಗಳು ಒಳಗೇ ಇಡೋದಾದರೆ ಮ್ಯೂಸಿಯಂ ಯಾಕೆ ಬೇಕು? ಟಿಕೆಟ್ ಜನವರಿಗೆ ಬದಲಾಯಿಸಲಾ, ಅಥವಾ ಬೇರೆ ದಾರಿ ಇದೆಯಾ?

ಬಸವನಗುಡಿ_ಬಾಯ್:

ಜನವರಿ ಬೇಡವೇ ಬೇಡ. ಬೆಳಿಗ್ಗೆ ಎಂಟೂವರೆಯಾದರೂ ಬೆಳಕಿಲ್ಲ, ಸಂಜೆ ನಾಲ್ಕೂವರೆ ಹೊತ್ತಿಗೆ ಕತ್ತಲೆ. ಹಿರಿಯರು ಮನೆಯೊಳಗೆ ಹೀಟರ್ ಮುಂದೆ ಕೂರಬೇಕಾಗುತ್ತೆ. ಈಗ ಎಲ್ಲ ಚಿತ್ರಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಜೂಮ್ ಮಾಡಿದರೆ ಗ್ಯಾಲರಿಗಿಂತ ಚೆನ್ನಾಗಿ ಕಾಣುತ್ತೆ. ಸುಮ್ನೆ ಟೀವಿಗೆ ಹಾಕಿ ತೋರಿಸಿ.

ಒದ್ದೆ_ಕಾಗದ:

ಬಸವನಗುಡಿಯವರೇ, ಚಳಿಯ ವಿಷಯದಲ್ಲಿ ನೀವು ಹೇಳಿದ್ದು ಸರಿ. ಟೀವಿ ವಿಷಯ ಮಾತ್ರ ಡ್ರಾಯಿಂಗ್ ಮಾಸ್ತರರ ಮುಂದೆ ಎತ್ತಬೇಡಿ.

ನಾನು ಎಡಿನ್‌ಬರಾದಲ್ಲಿದ್ದೇನೆ. ಭಾನುವಾರ ಜಲವರ್ಣ ಬರೆಯುವ ಹುಚ್ಚಿದೆ. ಈ ಜನವರಿಯ ಕಟ್ಟಳೆ ಡಬ್ಲಿನ್‌ನದಷ್ಟೇ ಅಲ್ಲ, ನಮ್ಮೂರಿನದೂ ಹೌದು. ಇದನ್ನು ಮಾಡಿಟ್ಟವನು ಹೆನ್ರಿ ವಾನ್. ಲಂಡನ್ನಿನ ಟೋಪಿ ವ್ಯಾಪಾರಿಯ ಮಗ. ಅಪ್ಪ ಬಿಟ್ಟುಹೋದ ದುಡ್ಡಿನಲ್ಲಿ ಚಿತ್ರ ಕೊಂಡವನು. ಚಿತ್ರಕಾರ ಕಾನ್‌ಸ್ಟೆಬಲ್‌ನ ಪ್ರಸಿದ್ಧ ಚಿತ್ರ 'ಹೇ ವೇನ್' ಲಂಡನ್ ನ್ಯಾಷನಲ್ ಗ್ಯಾಲರಿಗೆ ಬಂದದ್ದೂ ಇವನ ಕೈಯಿಂದಲೇ. 1900ರಲ್ಲಿ ಇವನ ಉಯಿಲಿನ ಪ್ರಕಾರ ಟರ್ನರ್ ಜಲವರ್ಣಗಳು ಹಂಚಿಕೆಯಾದವು. ಎಡಿನ್‌ಬರಾಕ್ಕೆ 38, ಡಬ್ಲಿನ್‌ಗೆ 31. ಷರತ್ತು ಇಷ್ಟೇ: ಜನವರಿಯಲ್ಲಿ ತೋರಿಸಬೇಕು, ಕಾಸು ಕೇಳಬಾರದು. ಅಂದಿನಿಂದ ಎರಡೂ ಊರು ಅದನ್ನು ಪಾಲಿಸಿಕೊಂಡು ಬಂದಿವೆ. ಟರ್ನರ್ ಹುಟ್ಟಿ 250 ವರ್ಷವಾದ 2025ರಲ್ಲಿ ಮಾತ್ರ ಒಂದು ತಮಾಷೆ ಮಾಡಿದರು. ಡಬ್ಲಿನ್ ಚಿತ್ರಗಳು ಇಲ್ಲಿಗೆ ಬಂದವು, ನಮ್ಮವು ಅಲ್ಲಿಗೆ ಹೋದವು.

ಜನವರಿಯೇ ಯಾಕೆ? ಬೆಳಕು ವರ್ಷದಲ್ಲೇ ಅತಿ ಮಂದವಾಗಿರುವ ಕಾಲ ಅದು. ಜಲವರ್ಣದಲ್ಲಿ ಬಣ್ಣ ತೆಳ್ಳಗಿರುತ್ತೆ, ಎಣ್ಣೆಬಣ್ಣದ ಹಾಗೆ ದಪ್ಪ ಪದರ ಇಲ್ಲ. ಬಿಸಿಲು ತಾಗಿದರೆ ಕಾಗದವೊಂದೇ ಉಳಿಯುತ್ತೆ. 1880ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಇದೇ ವಿಷಯಕ್ಕೆ ದೊಡ್ಡ ಜಗಳ ಆಗಿತ್ತು. ಚಿತ್ರಗಳು ಮಾಸುತ್ತಿವೆ ಅಂತ ಒಂದು ಗುಂಪು, ಏನೂ ಆಗೋಲ್ಲ ಅಂತ ಇನ್ನೊಂದು. ಕೊನೆಗೆ ರಸೆಲ್ ಮತ್ತು ಆಬ್ನಿ ಎಂಬ ಇಬ್ಬರು ವಿಜ್ಞಾನಿಗಳು ಬಣ್ಣಗಳನ್ನು ಬಿಸಿಲಿಗಿಟ್ಟು ಪರೀಕ್ಷಿಸಿ 1888ರಲ್ಲಿ ವರದಿ ಕೊಟ್ಟರು. ಕಾರ್ಮೈನ್ ಎಂಬ ಕೆಂಪು, ಇಂಡಿಗೋ ಎಂಬ ನೀಲಿ ಥರದವು ಬೇಗ ಹೋಗುತ್ತವೆ ಅಂತ ಸಾಬೀತಾಯಿತು. ಇವತ್ತಿಗೂ ಮ್ಯೂಸಿಯಂಗಳು ಜಲವರ್ಣಕ್ಕೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬಿಡುವುದಿಲ್ಲ. ಹಾಗಾಗಿ ಒಳಗೆ ಇಡುತ್ತಾರೆ ಅಂತ ಬೈಯಬೇಡಿ. ಆ ನೀಲಿ, ಆ ಕೆಂಪು ಇನ್ನೂ ಉಳಿದಿರೋದು ಒಳಗೆ ಇಟ್ಟಿದ್ದಕ್ಕೇ.

ಇನ್ನು ಜೂಮ್ ಕಥೆ. ಟರ್ನರ್ ಬಣ್ಣ ಹಚ್ಚುತ್ತಿದ್ದಷ್ಟೇ ತೆಗೆಯುತ್ತಲೂ ಇದ್ದ. ಒದ್ದೆ ಬಣ್ಣವನ್ನು ಒರೆಸುವುದು, ಉಜ್ಜುವುದು, ಕೆರೆಯುವುದು. ಅದಕ್ಕೆಂದೇ ಹೆಬ್ಬೆರಳಿನ ಉಗುರು ಬೆಳೆಸಿದ್ದ! 1818ರಲ್ಲಿ ಯಾರ್ಕ್‌ಶೈರಿನ ಫಾರ್ನ್‌ಲಿ ಹಾಲ್‌ನಲ್ಲಿ ಅತಿಥಿಯಾಗಿದ್ದಾಗ ದೊಡ್ಡ ಯುದ್ಧನೌಕೆಯೊಂದನ್ನು ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಬರೆದು ಮುಗಿಸಿದ. ಪಕ್ಕದಲ್ಲಿ ಕೂತು ನೋಡಿದವನು ಮನೆ ಯಜಮಾನನ ಮಗ. ಕಾಗದ ಪೂರ್ತಿ ನೆನೆಯುವಷ್ಟು ಬಣ್ಣ ಸುರಿದು, ಹುಚ್ಚು ಹಿಡಿದವನಂತೆ ಕೆರೆದನಂತೆ. ಮೊದಲು ಬರೀ ಗೊಂದಲ, ಆಮೇಲೆ ನಿಧಾನಕ್ಕೆ ಹಡಗು.

ಎಡಿನ್‌ಬರಾದಲ್ಲಿ ವೆನಿಸ್‌ನ ಪಿಯಾಜೆಟ್ಟಾ ಎಂಬ ಚೌಕದ ಚಿತ್ರ ಇದೆ, ಸುಮಾರು 1840ರದ್ದು. ಆಕಾಶದಲ್ಲಿ ಮಿಂಚು. ಅದು ಬಿಳಿ ಬಣ್ಣ ಅಲ್ಲ, ಬಣ್ಣ ಕೆರೆದು ಹೊರಗೆ ತೆಗೆದ ಕಾಗದ. ಎದುರು ನಿಂತು ಸ್ವಲ್ಪ ಪಕ್ಕಕ್ಕೆ ಸರಿದರೆ ಕಾಗದದ ಮೈ ಕಿತ್ತಿರೋದು ಗೊತ್ತಾಗುತ್ತೆ. ಪರದೆಯಲ್ಲಿ ಅದು ಬರೀ ಬಿಳಿ ಗೆರೆ.

ದಾರಿ ಎರಡು ಇವೆ. ಒಂದು, ಡಬ್ಲಿನ್ ಗ್ಯಾಲರಿಯ ಪ್ರಿಂಟ್ಸ್ ಅಂಡ್ ಡ್ರಾಯಿಂಗ್ಸ್ ವಿಭಾಗಕ್ಕೆ ಈಗಲೇ ಮೇಲ್ ಹಾಕಿ. ಅಲ್ಲಿ ಸಮಯ ಗೊತ್ತುಮಾಡಿಕೊಂಡು ಹೋಗುವ ಸ್ಟಡಿ ರೂಮ್ ಇದೆ. ಇಂಥದ್ದೇ ಚಿತ್ರ ಅಂತ ಹೆಸರು ಕೊಟ್ಟು ಕೇಳಿ. ನಾನಾದರೆ 'ಎ ಶಿಪ್‌ರೆಕ್ ಆಫ್ ಹೇಸ್ಟಿಂಗ್ಸ್' ಕೇಳುತ್ತೇನೆ. ಎರಡು, ಲಂಡನ್ನಿನ ಟೇಟ್ ಬ್ರಿಟನ್. ಟರ್ನರ್ ತೀರಿಕೊಂಡ ಮೇಲೆ ಅವನ ಸ್ಟುಡಿಯೋದಲ್ಲಿದ್ದ ರಾಶಿ ದೇಶಕ್ಕೆ ಸೇರಿತು. ಸ್ಕೆಚ್ ಎಲ್ಲ ಸೇರಿ ಕಾಗದದ ಮೇಲಿನವೇ 30,000ಕ್ಕೂ ಹೆಚ್ಚು. ಅಲ್ಲೂ ಸಮಯ ಗೊತ್ತುಮಾಡಿಕೊಂಡರೆ ಅಸಲಿ ಹಾಳೆಯನ್ನೇ ಮೇಜಿನ ಮೇಲೆ ತಂದಿಡುತ್ತಾರೆ. ಗಾಜು ಹಾಕಿದ ಗೋಡೆಗಿಂತ ಇದು ಎಷ್ಟೋ ಮೇಲು.

ಶಿರಸಿ_ಟು_ಡಬ್ಲಿನ್:

ಧನ್ಯವಾದ! ಇದನ್ನೆಲ್ಲ ಅಪ್ಪನಿಗೆ ಫೋನ್‌ನಲ್ಲಿ ಓದಿ ಹೇಳಿದೆ. ಉಗುರಿನ ವಿಷಯ ಕೇಳಿ, 'ನಾನು ಬ್ಲೇಡಿನಿಂದ ಕೆರೆದಾಗ ಇನ್‌ಸ್ಪೆಕ್ಟರ್ ಬೈದಿದ್ದರು' ಅಂದರು. ಅವರದೊಂದು ಪ್ರಶ್ನೆ: ಕಾರ್ಮೈನ್ ಬೇಗ ಹೋಗುತ್ತೆ ಅಂತ ಟರ್ನರ್‌ಗೆ ಗೊತ್ತಿರಲಿಲ್ಲವಾ?

ಒದ್ದೆ_ಕಾಗದ:

ಚೆನ್ನಾಗಿ ಗೊತ್ತಿತ್ತು. ಬಣ್ಣ ತಯಾರಿಸುತ್ತಿದ್ದ ವಿನ್ಸರ್ ಈ ಬಗ್ಗೆ ಎಚ್ಚರಿಸಿದಾಗ, ಬಣ್ಣ ಮಾಡೋದು ನಿನ್ನ ಕೆಲಸ, ಬಳಸೋದು ನನ್ನದು ಅನ್ನೋ ಅರ್ಥದಲ್ಲಿ ಬಾಯಿ ಮುಚ್ಚಿಸಿದನಂತೆ. ನನಗೆ ಇದು ಸೊಕ್ಕು ಅಂತಲೇ ಅನಿಸುತ್ತೆ. ಅವತ್ತಿನ ಸಂಜೆಗೆ ಆ ಕೆಂಪು ಬೇಕು, ನಾಳೆಯ ಮಾತು ನಾಳೆಗೆ ಅನ್ನೋ ಹಟ.

ಸ್ಟಡಿ ರೂಮಿಗೆ ಹೋಗುವಾಗ ಅಪ್ಪನ ಜೇಬಿನಲ್ಲಿ ಪೆನ್ಸಿಲ್ ಇರಲಿ. ಇಂಥ ಕಡೆ ಪೆನ್ ತೆಗೆಯೋಕೆ ಬಿಡುವುದಿಲ್ಲ.